ದೊಡ್ಡಪ್ಪನ ಮೆಣಸು ಬೇಲೂರಿಗೆ ಹೋಗಿತ್ತು

ಬೇಲೂರಿಗೆ ಹೊರಟಿದ್ದೀನಿ ಅಂತ ಆಫೀಸಿನ ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಹಾಕಿದ್ದೇ ತಡ, ‘ಚೆನ್ನಕೇಶವ ದೇವಸ್ಥಾನದ ಫೋಟೊ ಕಳಿಸು’ ಅಂತ ಮೂರು ಜನ ಬರೆದರು. ಅವರ ತಪ್ಪಲ್ಲ. ಫೋನಿನ ಮ್ಯಾಪೂ ನನ್ನನ್ನು ಮೊದಲು ಹಾಸನದ ಕಡೆಗೇ ತಿರುಗಿಸಿತ್ತು. ನಾನು ಹೊರಟಿದ್ದು ಧಾರವಾಡದ ಬೇಲೂರಿಗೆ. ಇಲ್ಲಿ ಶಿಲಾಬಾಲಿಕೆಯರಿಲ್ಲ. ಕೆಐಎಡಿಬಿಯ ಪ್ಲಾಟ್‌ಗಳು, ತಗಡಿನ ಶೆಡ್‌ಗಳು, ಸಾಲಾಗಿ ನಿಂತ ಲಾರಿಗಳು, ಮಧ್ಯೆ ಮಧ್ಯೆ ಒಂದು ಚಹಾದಂಗಡಿ. ಅಷ್ಟೇ.

ನನ್ನ ಬ್ಯಾಗಿನಲ್ಲಿ ಒಂದು ಸ್ಟೀಲ್ ಡಬ್ಬಿ ಇತ್ತು. ಅದರೊಳಗೆ ಅರ್ಧ ಕೆಜಿ ಕಾಳುಮೆಣಸು.

ಕಥೆ ಶುರುವಾಗಿದ್ದು ಯಲ್ಲಾಪುರದ ಹತ್ತಿರದ ನಮ್ಮ ದೊಡ್ಡಪ್ಪನ ಮನೆಯಲ್ಲಿ. ಅಡಿಕೆ ತೋಟ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಅಡಿಕೆ ಕೈಕೊಟ್ಟ ವರ್ಷ ಮನೆ ನಡೆಸುವುದು ಆ ಬಳ್ಳಿಯೇ. ಈ ಸಲ ಆರು ಚೀಲ ಆಗಿತ್ತು. ನೋಡಲು ಬಂದ ವ್ಯಾಪಾರಿ ಒಂದು ಚೀಲದ ಬಾಯಿ ಬಿಚ್ಚಿ, ಮೇಲಿನ ಒಂದು ಮುಷ್ಟಿ ಕಾಳನ್ನು ಲೋಟದ ನೀರಿಗೆ ಹಾಕಿದನಂತೆ. ಸುಮಾರು ಕಾಳು ತೇಲಿತು. ‘ಪಪ್ಪಾಯಿ ಬೀಜ ಸೇರಿದೆ’ ಅಂದು, ಫೋನಿನಲ್ಲಿ ಒಂದು ವಿಡಿಯೊ ತೋರಿಸಿ, ಆರೂ ಚೀಲ ಬಿಟ್ಟು ಹೋದ.

ಅವತ್ತು ರಾತ್ರಿ ದೊಡ್ಡಪ್ಪನ ಫೋನ್ ಬಂತು. ‘ತಮಾ, ಎನ್ನ ಮೆಣಸು ಕಲಬೆರಕೆ ಅಡ’ ಅಂದು ಸುಮ್ಮನಾದರು. ದುಡ್ಡಿನ ಮಾತು ಆಡಲಿಲ್ಲ. ಊರಲ್ಲಿ ಮಾತು ಹರಡಿದರೆ ಮುಂದಿನ ವರ್ಷ ಯಾರೂ ಚೀಲ ಮುಟ್ಟುವುದಿಲ್ಲ ಅನ್ನುವುದು ಅವರ ದನಿಯಲ್ಲೇ ಇತ್ತು.

ನನಗೆ ಕೋಡ್ ಬರೆಯೋದು ಗೊತ್ತು, ಮೆಣಸಿನ ಬಗ್ಗೆ ಪೊಂಗಲ್‌ನಲ್ಲಿ ಸಿಕ್ಕಿದರೆ ಪಕ್ಕಕ್ಕೆ ಇಡೋದು ಗೊತ್ತು. ಆದರೆ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ಜೊತೆಗಿದ್ದ ಬಯೋಟೆಕ್ನಾಲಜಿ ಗೆಳೆಯನೊಬ್ಬ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಸಣ್ಣ ಘಟಕದಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತಾನೆ. ಗಿಡಮೂಲಿಕೆ, ಮಸಾಲೆಗಳಿಂದ ಸಾರ ತೆಗೆಯುವ ಕೆಲಸ ಅವರದು. ಫೋನ್ ಮಾಡಿದೆ. ‘ತೊಗೊಂಡ್ ಬಾರಲೇ, ನೋಡೂಣು’ ಅಂದ.

ಹೆಸರೊಂದೇ ಸಾಲದು

ಹುಬ್ಬಳ್ಳಿಯಿಂದ ಧಾರವಾಡದವರೆಗೆ ಚಿಗರಿ ಬಸ್. ಅಲ್ಲಿಂದ ಕಿತ್ತೂರು ಕಡೆಯ ಬಸ್ ಹತ್ತಿದರೆ ಪಿ.ಬಿ. ರೋಡ್, ಅಂದರೆ ಹಳೆಯ ಪುಣೆ–ಬೆಂಗಳೂರು ರಸ್ತೆ. ಊರು ದಾಟಿದ ಮೇಲೆ ಹೈಕೋರ್ಟ್ ಪೀಠದ ಕಟ್ಟಡ ಕಾಣುತ್ತದೆ. 2008ರಲ್ಲಿ ಸಂಚಾರಿ ಪೀಠವಾಗಿ ಶುರುವಾಗಿ 2013ರಲ್ಲಿ ಕಾಯಂ ಆದದ್ದು. ಅದೇ ಆಸುಪಾಸಿನಲ್ಲಿ ವಾಲ್ಮಿ ಕ್ಯಾಂಪಸ್. ಧಾರವಾಡದ ಐಐಟಿ 2016ರಲ್ಲಿ ಕಣ್ಣು ಬಿಟ್ಟದ್ದು ಅಲ್ಲೇ, ಆಮೇಲೆ ಚಿಕ್ಕಮಲ್ಲಿಗವಾಡದ ಸ್ವಂತ ಜಾಗಕ್ಕೆ ಹೋಯಿತು. ಮುಂದೆ ಮುಮ್ಮಿಗಟ್ಟಿ ಕಡೆ ಬಸ್ಸಿನ ಬಾಡಿ ಕಟ್ಟುವ ಟಾಟಾ ಕಾರ್ಖಾನೆ. ಮೆಣಸಿಗೂ ಈ ಕರಿಮಣ್ಣಿನ ಬಯಲಿಗೂ ಏನು ಸಂಬಂಧ ಅನಿಸಬಹುದು. ಆದರೆ ಧಾರವಾಡ ಇರುವುದೇ ಮಲೆನಾಡಿನ ಅಂಚಿನಲ್ಲಿ. ಹುಬ್ಬಳ್ಳಿಯಿಂದ ಕಲಘಟಗಿ ದಾಟಿದರೆ ಕಾಡು ಶುರು, ಯಲ್ಲಾಪುರ ಎರಡು ತಾಸಿನೊಳಗಿನ ದಾರಿ. ಅಲ್ಲಿಂದ ಘಟ್ಟದ ಸೀಮೆಯಲ್ಲೇ ದಕ್ಷಿಣಕ್ಕೆ ಹೋದರೆ ಗೇರುಸೊಪ್ಪೆ. 16ನೇ ಶತಮಾನದಲ್ಲಿ ಆಳಿದ ಅಲ್ಲಿನ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ‘ಮೆಣಸಿನ ರಾಣಿ’ ಅಂತ.

ಗೇಟಿನಲ್ಲಿ ಹೆಸರು, ಫೋನ್ ನಂಬರ್ ಬರೆಸಿಕೊಂಡರು. ಸಾಲದು ಅಂತ ಆಧಾರ್ ಕಾರ್ಡ್ ಕೇಳಿದರು. ಗೆಳೆಯ ಬಂದು ‘ಇಂವಾ ನಮ್ಮಂವಾ’ ಅಂದ ಮೇಲೆ ಒಳಗೆ ಬಿಟ್ಟರು. ಲ್ಯಾಬಿನಲ್ಲಿ ಅವನು ಮೊದಲು ಹೇಳಿದ್ದು ಇದನ್ನೇ: ‘ಗೇಟ್ನ್ಯಾಗ ನಿಂಗ ಮಾಡಿದ್ರಲ್ಲ, ಮೆಣಸಿಗೂ ಹಂಗ ಮಾಡತೀವಿ. ಬರೇ ಹೆಸರು ಹೇಳಿದ್ರ ಒಳಗ ಬಿಡೂದಿಲ್ಲ.’

ನಮ್ಮ ಭಾಷೆಯಲ್ಲಿ ಹೇಳುವುದಾದರೆ ಯೂಸರ್‌ನೇಮ್ ಬೇರೆ, ಪಾಸ್‌ವರ್ಡ್ ಬೇರೆ, ಒಟಿಪಿ ಬೇರೆ. ‘ನಾನು ಇಂಥವನು’ ಅನ್ನುವುದು ಗುರುತು. ಅದನ್ನು ಸಾಬೀತು ಮಾಡುವುದು ಇನ್ನೊಂದು ಕೆಲಸ.

ಮೆಣಸಿಗಂತೂ ಹೆಸರಿನ ಗೊಂದಲವೇ ಜಾಸ್ತಿ. ನಮ್ಮಲ್ಲಿ ಕಾಳುಮೆಣಸು, ಕರಿಮೆಣಸು, ಮೆಣಸಿನಕಾಳು. ಮಂಗಳೂರು ಕಡೆ ಬರೀ ‘ಮೆಣಸು’ ಅಂದರೆ ಒಣ ಮೆಣಸಿನಕಾಯಿ ಕೊಡುತ್ತಾರೆ, ಕಾಳು ಬೇಕಾದರೆ ‘ಒಳ್ಳೆಮೆಣಸು’ ಅನ್ನಬೇಕು. ನಿಜಕ್ಕೂ ಮೊದಲಿನಿಂದ ಇದ್ದದ್ದು ಈ ಕಾಳೇ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದ ಕಾಯಿ ಖಾರದಲ್ಲಿ ಇದರಂತೆ ಇದ್ದದ್ದಕ್ಕೆ ‘ಮೆಣಸಿನಕಾಯಿ’ ಆಯಿತು. ಬಂದ ನೆಂಟ ಮನೆಯವರ ಹೆಸರನ್ನೇ ಇಟ್ಟುಕೊಂಡ ಹಾಗೆ. ಬಾಲಮೆಣಸು, ಹಿಪ್ಪಲಿ ಇದೇ ಕುಟುಂಬದವು, ಆದರೆ ಬೇರೆ ಗಿಡಗಳು. ಜುಮ್ಮನಕಾಯಿ ನಾಲಿಗೆ ಜುಮ್ಮೆನ್ನಿಸಿದರೂ ಸಂಬಂಧವೇ ಇಲ್ಲ. ಅದಕ್ಕೇ ಲ್ಯಾಬಿನ ಪುಸ್ತಕದಲ್ಲಿ ಇರುವುದು ಒಂದೇ ಹೆಸರು: ಪೈಪರ್ ನೈಗ್ರಮ್. 1753ರಲ್ಲಿ ಲಿನೇಯಸ್ ಇಟ್ಟದ್ದು.

ಆ ಹೆಸರಿಗೆ ಸಾಕ್ಷಿಯಾಗಿ ಗೋಡೆಯ ಕಪಾಟಿನಲ್ಲಿ ಒಂದು ಹಾಳೆ ಇತ್ತು. ಒಣಗಿಸಿ ಅಂಟಿಸಿದ ಬಳ್ಳಿಯ ತುಂಡು, ಎಲೆ, ಕಾಳು ಕಟ್ಟಿದ ಗೊಂಚಲು. ಎಲ್ಲಿಂದ, ಯಾವಾಗ ತಂದದ್ದು, ಯಾರು ಗುರುತಿಸಿದ್ದು ಎಲ್ಲ ಕೆಳಗೆ ಬರೆದಿದೆ. ಹೊಸದಾಗಿ ಬರುವ ಮಾಲನ್ನು ಇಂಥ ಹಾಳೆಯ ಜೊತೆ, ಅದರ ಕಾಳಿನ ಜೊತೆ ಹೋಲಿಸುತ್ತಾರೆ.

ಡಬ್ಬಿ ವಾಪಸ್

ನಾನು ದೊಡ್ಡಪ್ಪನ ಡಬ್ಬಿ ತೆಗೆದೆ. ಮುಚ್ಚಳ ಬಿಚ್ಚಿದ ತಕ್ಷಣ ಘಮ್ ಅಂತು. ಗೆಳೆಯ ಒಂದಷ್ಟು ಕಾಳು ಬಿಳಿ ಟ್ರೇ ಮೇಲೆ ಹರಡಿ ನೋಡಿ ನಕ್ಕ.

‘ಇದನ್ನ ಯಾರು ಆರಿಸಿದ್ರು?’

‘ದೊಡ್ಡಪ್ಪ.’

‘ಅದಕ್ಕ. ಇದನ್ನ ಟೆಸ್ಟ್ ಮಾಡಿದ್ರ ನಿಮ್ಮ ದೊಡ್ಡಪ್ಪನ ಪ್ರೀತಿ ಎಷ್ಟು ಐತಿ ಅಂತ ಗೊತ್ತಾಕ್ಕತಿ. ಚೀಲದಾಗ ಏನೈತಿ ಅಂತ ಗೊತ್ತಾಗೂದಿಲ್ಲ.’

ನನಗೆ ಮುಖ ಸಣ್ಣದಾಯಿತು. ವ್ಯಾಪಾರಿ ಮಾಡಿದ ತಪ್ಪನ್ನೇ ನಾವು ತಿರುವಿ ಮಾಡಿದ್ದೆವು. ಅವನು ಒಂದು ಚೀಲದ ಮೇಲಿನ ಮುಷ್ಟಿ ನೋಡಿ ಆರು ಚೀಲಕ್ಕೆ ತೀರ್ಪು ಕೊಟ್ಟ. ನಾವು ಆರಿಸಿದ ಅರ್ಧ ಕೆಜಿ ಇಟ್ಟುಕೊಂಡು ಆರು ಚೀಲಕ್ಕೆ ಸರ್ಟಿಫಿಕೇಟ್ ಕೇಳುತ್ತಿದ್ದೆವು. ಎಷ್ಟು ದುಬಾರಿ ಮಷೀನ್ ಇದ್ದರೂ ಸ್ಯಾಂಪಲ್ ತಪ್ಪಾದರೆ ಉತ್ತರವೂ ತಪ್ಪು. ನಮ್ಮ ಕೆಲಸದಲ್ಲೂ ಅಷ್ಟೇ ಅಲ್ಲವಾ, ಚೆನ್ನಾಗಿ ಓಡುವ ಕೇಸ್ ಮಾತ್ರ ಟೆಸ್ಟ್ ಮಾಡಿ ರಿಲೀಸ್ ಮಾಡಿದರೆ ಏನಾಗುತ್ತದೆ ಅಂತ ಗೊತ್ತಿದೆ.

ಅವನು ಚೀಲಕ್ಕೆ ಚುಚ್ಚಿ ಒಳಗಿನ ಕಾಳು ತೆಗೆಯುವ ಕಬ್ಬಿಣದ ಕೊಳವೆ ಕೊಟ್ಟ. ಪ್ರತಿ ಚೀಲದ ಮೇಲೆ, ನಡುವೆ, ತಳ, ಮೂರೂ ಕಡೆಯಿಂದ ತೆಗೆಯಬೇಕು, ಚೀಲಕ್ಕೊಂದು ಪ್ಯಾಕೆಟ್, ನಂಬರ್ ಹಾಕಬೇಕು, ಕೈಯಿಂದ ಏನೂ ಆರಿಸಬಾರದು. ಆ ಶನಿವಾರವೇ ಯಲ್ಲಾಪುರಕ್ಕೆ ಹೋದೆ. ನಾನು ಕೊಳವೆ ಚುಚ್ಚುವಾಗ ದೊಡ್ಡಪ್ಪ ಜಗಲಿಯಲ್ಲಿ ಕೂತು ಬೇರೆ ಕಡೆ ನೋಡುತ್ತಿದ್ದರು. ಮಗನಂಥವನೇ ಚೀಲ ತಪಾಸಣೆ ಮಾಡುತ್ತಿದ್ದಾನೆ ಅನ್ನುವುದು ಅವರಿಗೆ ಹೇಗಾಗಿರಬಹುದು? ಆರನೇ ಚೀಲಕ್ಕೆ ಬಂದಾಗ ಮೆಲ್ಲಗೆ ಹೇಳಿದರು, ಅದು ಮೊದಲ ಕೊಯ್ಲಿನದ್ದಂತೆ. ಮರ ಹತ್ತುವ ಆಳು ಬೇಗ ಸಿಕ್ಕಿದ, ಆಮೇಲೆ ಸಿಗುವುದಿಲ್ಲ ಅಂತ ಎರಡು ಸಾಲು ಬಲಿಯುವ ಮೊದಲೇ ಕೊಯ್ಸಿದ್ದರು.

ತೇಲಿದ್ದೆಲ್ಲ ಪಪ್ಪಾಯಿ ಅಲ್ಲ

ಎರಡನೇ ಸಲ ಬೇಲೂರಿಗೆ ಹೋದಾಗ ಲ್ಯಾಬಿನ ಕಟ್ಟೆಯ ಮೇಲೆ ಆರು ಪ್ಯಾಕೆಟ್ ಸಾಲಾಗಿ ನಿಂತವು.

ಮೊದಲು ಕಣ್ಣು. ಒಣಗಿದ ಮೆಣಸು ಹೆಚ್ಚುಕಡಿಮೆ ದುಂಡಗೆ, ಮೈಮೇಲೆ ಬಲೆ ಹೆಣೆದಂಥ ಸುಕ್ಕು, ತೊಟ್ಟು ಇಲ್ಲ. ಬಾಲಮೆಣಸಿಗೆ ಹೆಸರಿಗೆ ತಕ್ಕಂತೆ ಬಾಲ ಇರುತ್ತದೆ. ಪಪ್ಪಾಯಿ ಬೀಜ ಒಣಗಿದರೆ ಮೊಟ್ಟೆಯಾಕಾರ, ಕಂದು ಅಥವಾ ಹಸಿರು ಬೆರೆತ ಕಪ್ಪು. ರಾಶಿಯಲ್ಲಿ ಬೆರೆತರೆ ಗೊತ್ತಾಗುವುದಿಲ್ಲ, ಬಿಡಿಯಾಗಿ ಹರಡಿದರೆ ಗೊತ್ತಾಗುತ್ತದೆ.

ಆಮೇಲೆ ತೂಕ. ಒಂದು ಲೀಟರ್ ಅಳತೆಗೆ ಎಷ್ಟು ಗ್ರಾಂ ಮೆಣಸು ಹಿಡಿಯುತ್ತದೆ ಅನ್ನುವುದೇ ಈ ವ್ಯಾಪಾರದ ಹಳೆಯ ಲೆಕ್ಕ. 500 ಗ್ರಾಂ, 550 ಗ್ರಾಂ ಅಂತ ಲೀಟರ್ ತೂಕದ ಮೇಲೆಯೇ ದರ ಮಾತಾಡುತ್ತಾರೆ. ಐದು ಪ್ಯಾಕೆಟ್ 500 ದಾಟಿದವು. ಆರನೆಯದು 400ರ ಆಸುಪಾಸಿನಲ್ಲೇ ನಿಂತಿತು.

ಆಮೇಲೆ ನೀರು. ಐದರಲ್ಲಿ ಬಹುತೇಕ ಕಾಳು ಮುಳುಗಿದವು. ಆರನೆಯದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತೇಲಿದವು. ನನ್ನ ಎದೆ ಡವಗುಟ್ಟಿತು. ವ್ಯಾಪಾರಿ ಬಿಚ್ಚಿದ್ದು ಇದೇ ಚೀಲ ಇರಬೇಕು.

ಗೆಳೆಯ ತೇಲಿದ ಕಾಳೊಂದನ್ನು ಎತ್ತಿ ಬ್ಲೇಡಿನಿಂದ ಅಡ್ಡ ಕತ್ತರಿಸಿ ಲೆನ್ಸ್ ಕೊಟ್ಟ. ಒಳಗೆ ಬಹುಪಾಲು ಖಾಲಿ! ಸಿಪ್ಪೆ ಮಾತ್ರ ಗಟ್ಟಿ. ಹೋಲಿಕೆಗೆ ಅಂತ ಇಟ್ಟುಕೊಂಡಿದ್ದ ಪಪ್ಪಾಯಿ ಬೀಜ ಕತ್ತರಿಸಿದ. ಅದರೊಳಗೆ ಎಣ್ಣೆಯಂಶದ ಮೆತ್ತನೆ ತಿರುಳು. ಬಲಿತ ಮೆಣಸು ಕತ್ತರಿಸಿದ. ಒಳಗೆ ಬಿಳಿ ಹಿಟ್ಟು, ನಟ್ಟನಡುವೆ ಸಣ್ಣ ಪೊಳ್ಳು. ಆ ಹಿಟ್ಟಿನ ಮೇಲೆ ಒಂದು ಹನಿ ಅಯೋಡಿನ್ ಬಿಟ್ಟರೆ ನೀಲಿಗಪ್ಪು, ಯಾಕೆಂದರೆ ಅದು ಪಿಷ್ಟ. ಪಪ್ಪಾಯಿ ಬೀಜದ ತಿರುಳಿಗೆ ಆ ಬಣ್ಣ ಬರಲಿಲ್ಲ.

‘ಇದು ಜೊಳ್ಳು’ ಅಂದ. ‘ಬಲಿಯೂ ಮೊದಲ ಕೊಯ್ದಾರ. ಒಳಗ ಹಿಟ್ಟು ತುಂಬಿಲ್ಲ, ಗಾಳಿ ಐತಿ. ತೇಲದ ಏನ್ ಮಾಡತೈತಿ?’

ಅಂದರೆ ನೀರಿನ ಪರೀಕ್ಷೆ ಸುಳ್ಳಲ್ಲ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ, ಎಫ್ಎಸ್ಎಸ್ಎಐ, ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳ ಪಟ್ಟಿಯಲ್ಲಿ ಅದನ್ನೂ ಕೊಟ್ಟಿದೆ. ಪಪ್ಪಾಯಿ ಬೀಜ ತೇಲುತ್ತದೆ, ಅದು ಸರಿ. ತೇಲಿದ್ದೆಲ್ಲ ಪಪ್ಪಾಯಿ ಬೀಜ ಅನ್ನುವುದು ತಪ್ಪು. ಹನ್ನೆರಡು ಸೆಕೆಂಡಿನ ವಿಡಿಯೊದಲ್ಲಿ ಮೊದಲ ಮಾತು ಮಾತ್ರ ಇತ್ತು. ತೇಲಿದ್ದನ್ನು ಎತ್ತಿ ಕತ್ತರಿಸಿ ನೋಡಿ ಅಂತ ಯಾರೂ ಹೇಳಲಿಲ್ಲ.

ಹಾಗಂತ ವ್ಯಾಪಾರಿಯದ್ದೂ ಪೂರ್ತಿ ತಪ್ಪಲ್ಲ. ಜೊಳ್ಳು ಜಾಸ್ತಿ ಇದ್ದರೆ ದರ್ಜೆ ಇಳಿಯುತ್ತದೆ, ಅಡುಗೆಗೆ ಕೊಳ್ಳುವವರಿಗೆ ಅದು ನಷ್ಟವೇ. ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾಗುವ ಕಾಳು ಬೇಡ ಅನ್ನುವ ಹಕ್ಕು ಅವನಿಗಿದೆ. ‘ಹಗುರ ಇದೆ’ ಅಂದಿದ್ದರೆ ಅದು ವ್ಯಾಪಾರದ ಮಾತಾಗುತ್ತಿತ್ತು. ‘ಕಲಬೆರಕೆ’ ಅಂದಿದ್ದಕ್ಕೆ ಅದು ಮಾನದ ಮಾತಾಯಿತು.

ಖಾರಕ್ಕೂ ಒಂದು ಬೆರಳಚ್ಚು

ಇಡೀ ಕಾಳು ಇದ್ದರೆ ಕಣ್ಣು, ಬ್ಲೇಡು ಸಾಕು. ಪುಡಿ ಮಾಡಿದ ಮೇಲೆ? ಆಗ ಮೈಕ್ರೋಸ್ಕೋಪ್ ಬೇಕು, ಪಿಷ್ಟದ ಸಣ್ಣ ಸಣ್ಣ ಕಣಗಳನ್ನು, ಸಿಪ್ಪೆಯ ಗಟ್ಟಿ ಕೋಶಗಳನ್ನು ಹುಡುಕಲು. ಅದರಾಚೆಗೆ ರಸಾಯನ ವಿಜ್ಞಾನ.

ಮೆಣಸಿನ ಖಾರದ ಹೆಸರು ಪೈಪರಿನ್. ಅದನ್ನು ಮೊದಲು ಬೇರ್ಪಡಿಸಿದವರು ಡೆನ್ಮಾರ್ಕಿನ ಹಾನ್ಸ್ ಕ್ರಿಶ್ಚಿಯನ್ ಓರ್‌ಸ್ಟೆಡ್, 1819ರಲ್ಲಿ. ಎಲ್ಲೋ ಕೇಳಿದ ಹೆಸರು ಅನಿಸಿತಾ? ಮರುವರ್ಷ, 1820ರಲ್ಲಿ, ತಂತಿಯಲ್ಲಿ ವಿದ್ಯುತ್ ಹರಿದರೆ ಪಕ್ಕದ ದಿಕ್ಸೂಚಿಯ ಮುಳ್ಳು ಅಲ್ಲಾಡುತ್ತದೆ ಅಂತ ತೋರಿಸಿದವರೂ ಅವರೇ. ಮೊದಲ ಸೆಮಿಸ್ಟರಿನಲ್ಲಿ ಅವರ ಪಾಠ ಓದಿ ಪಾಸಾದ ನನಗೆ ಅವರು ಮೆಣಸು ಕುಟ್ಟಿದ ಸುದ್ದಿ ಯಾರೂ ಹೇಳಿರಲಿಲ್ಲ.

ಗೆಳೆಯ ಪ್ರತಿ ಪ್ಯಾಕೆಟ್ಟಿನ ಪುಡಿಯಿಂದ ತೆಗೆದ ರಸವನ್ನು ಸಿಲಿಕಾ ಬಳಿದ ತಟ್ಟೆಯ ಬುಡದಲ್ಲಿ ಗೆರೆ ಗೆರೆಯಾಗಿ ಹಾಕಿ ದ್ರಾವಕದಲ್ಲಿ ನಿಲ್ಲಿಸಿದ. ಬಟ್ಟೆಯ ಅಂಚಿಗೆ ನೀರು ಏರುವ ಹಾಗೆ ದ್ರಾವಕ ಮೇಲೇರುತ್ತದೆ. ರಸದೊಳಗಿನ ಒಂದೊಂದು ವಸ್ತು ಒಂದೊಂದು ಎತ್ತರದಲ್ಲಿ ಉಳಿದುಕೊಳ್ಳುತ್ತದೆ. ಆಮೇಲೆ ಕತ್ತಲ ಪೆಟ್ಟಿಗೆಯಲ್ಲಿಟ್ಟು ನೇರಳಾತೀತ ಬೆಳಕು ಹಾಕಿದ. ಆರೂ ಗೆರೆಗಳಲ್ಲಿ ಒಂದೇ ಎತ್ತರದಲ್ಲಿ ಹೊಳೆಯುವ ನೀಲಿ ಪಟ್ಟಿ. ಪಕ್ಕದಲ್ಲಿ ಹಾಕಿದ್ದ ಶುದ್ಧ ಪೈಪರಿನ್‌ದೂ ಅದೇ ಎತ್ತರ. ಪಪ್ಪಾಯಿ ಗೆರೆಯಲ್ಲಿ ಆ ಪಟ್ಟಿ ಇಲ್ಲ.

ಆದರೆ ಪೈಪರಿನ್ ಹಿಪ್ಪಲಿಯಲ್ಲೂ ಇದೆ. ಹಾಗಾಗಿ ಒಂದು ಪಟ್ಟಿ ನೋಡಿ ಸಹಿ ಹಾಕುವಂತಿಲ್ಲ, ಮೇಲಿನಿಂದ ಕೆಳಗಿನ ತನಕ ಇರುವ ಎಲ್ಲ ಪಟ್ಟಿಗಳ ಸಾಲು ಅಸಲಿ ಮಾದರಿಯ ಜೊತೆ ಕೂಡಬೇಕು. ಅದೇ ಬೆರಳಚ್ಚು. ಆರೂ ಕೂಡಿದವು.

ಕೊನೆಗೆ ಎಷ್ಟು ಪೈಪರಿನ್ ಅನ್ನುವ ಲೆಕ್ಕ. ಅದಕ್ಕೆ ಎಚ್‌ಪಿಎಲ್‌ಸಿ ಅನ್ನುವ ಯಂತ್ರ. ಬೆಳಕು ತಾಗಿದರೆ ಪೈಪರಿನ್ ರೂಪ ಬದಲಿಸುತ್ತದೆ ಅಂತ ಕಂದು ಬಣ್ಣದ ಗಾಜಿನಲ್ಲಿ ಇಡುತ್ತಾರೆ. ಎಫ್ಎಸ್ಎಸ್ಎಐ ಪ್ರಕಾರ ಕರಿಮೆಣಸಿನಲ್ಲಿ ಕನಿಷ್ಠ ಶೇ 4 ಪೈಪರಿನ್ ಇರಬೇಕು. ಐದು ಚೀಲಗಳು ಆರಾಮಾಗಿ ದಾಟಿದ್ದವು. ಅತಿ ಹೆಚ್ಚು ಬಂದದ್ದು ಯಾವುದರಲ್ಲಿ ಗೊತ್ತಾ? ಆರನೇ ಚೀಲದಲ್ಲಿ! ಜೊಳ್ಳು ಅಂತ ಮೂಗು ಮುರಿದದ್ದರಲ್ಲಿ!

ಗೆಳೆಯನಿಗೆ ಆಶ್ಚರ್ಯ ಆಗಲಿಲ್ಲ. ಕಾಳು ಬಲಿಯುತ್ತಾ ಹೋದಂತೆ ಒಳಗೆ ಹಿಟ್ಟು ತುಂಬಿ ತೂಕ ಏರುತ್ತದೆ. ಎಳೆಯ ಕಾಳಿನಲ್ಲಿ ಹಿಟ್ಟು ಕಡಿಮೆ, ಹಾಗಾಗಿ ತೂಕಕ್ಕೆ ಹೋಲಿಸಿದರೆ ಎಣ್ಣೆ, ಖಾರದ ಪಾಲು ಹೆಚ್ಚು. ಸಾರ ತೆಗೆಯುವ ಘಟಕಗಳು ಇಂಥ ಹಗುರ ಮೆಣಸನ್ನೇ ಹುಡುಕಿ ಕೊಳ್ಳುತ್ತವೆ. ಪೊಂಗಲ್‌ಗೆ ಕೆಳದರ್ಜೆ, ಸಾರಕ್ಕೆ ಮೇಲ್ದರ್ಜೆ.

ಆ ಸಾರಕ್ಕೆ ಇಷ್ಟು ಬೇಡಿಕೆ ಬಂದದ್ದರ ಹಿಂದೆಯೂ ನಮ್ಮ ರಾಜ್ಯ ಇದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟಾಗ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಪ್ರಮಾಣ ಹಲವು ಪಟ್ಟು ಏರಿತ್ತು. ನಿಮ್ಮ ಅರಿಸಿನದ ಕ್ಯಾಪ್ಸೂಲಿನ ಹಿಂದೆ ‘ಮೆಣಸಿನ ಸಾರ’ ಅಂತ ಇದ್ದರೆ ಕಾರಣ ಇದೇ. ಅದೇ ಗುಣದಿಂದ ಕೆಲವು ಔಷಧಿಗಳ ಮಟ್ಟವೂ ಏರಬಹುದು. ದಿನಾ ಮಾತ್ರೆ ನುಂಗುವವರು ಇಂಥ ಕ್ಯಾಪ್ಸೂಲ್ ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಿ.

ಯಂತ್ರ ಹೇಳದ ಮಾತು

ಚಹಾದಂಗಡಿಯಲ್ಲಿ ಕೂತಾಗ ಕೇಳಿದೆ, ‘ಹಾಗಾದರೆ ನಿಮಗೆ ಯಾರೂ ಟೋಪಿ ಹಾಕೋಕೆ ಆಗಲ್ಲ?’ ಅವನು ನಕ್ಕ. ಒಂದು ಸಲ ಸಾರ ಹಿಂಡಿದ ಮೆಣಸಿನ ಚರಟವನ್ನು ಪುಡಿಗೆ ಬೆರೆಸುವವರಿದ್ದಾರೆ. ಅದರ ಡಿಎನ್ಎ ಪರೀಕ್ಷೆ ಮಾಡಿದರೆ ‘ಪೈಪರ್ ನೈಗ್ರಮ್’ ಅಂತಲೇ ಬರಬಹುದು, ಯಾಕೆಂದರೆ ಅದು ನಿಜಕ್ಕೂ ಮೆಣಸೇ, ಜೀವ ಹೋದ ಮೆಣಸು. ಪುಡಿಯಲ್ಲಿ ಪಪ್ಪಾಯಿ ಪತ್ತೆ ಹಚ್ಚಲು ಕೋಝಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಡಿಎನ್ಎ ವಿಧಾನ ರೂಪಿಸಿದ್ದಾರೆ. ಪಪ್ಪಾಯಿಗೆ ಅದು ಸರಿ, ಚರಟಕ್ಕೆ ಪೈಪರಿನ್ ಅಳತೆಯೇ ಬೇಕು. ಹೊಳಪಿಗೆ ಖನಿಜ ತೈಲ ಸವರಿದರೆ ಎರಡೂ ಹೇಳುವುದಿಲ್ಲ. 2012ರ ಕೊನೆಯಲ್ಲಿ ಕೊಚ್ಚಿಯ ಗೋದಾಮುಗಳಲ್ಲಿ ಸಾವಿರಾರು ಟನ್ ಮೆಣಸಿಗೆ ಬೀಗ ಬಿದ್ದದ್ದು ಇದೇ ಸಂಶಯದ ಮೇಲೆ. ಮನೆಯಲ್ಲಿ ಮೂಗೇ ಮೀಟರ್, ಸೀಮೆಎಣ್ಣೆಯಂಥ ವಾಸನೆ ಬಂದರೆ ಬೇಡ.

ಇನ್ನು ಊರಿನ ಪ್ರಶ್ನೆ. ವಿಯೆಟ್ನಾಂನಲ್ಲಿ ಬೆಳೆದದ್ದೂ ಪೈಪರ್ ನೈಗ್ರಮ್, ಯಲ್ಲಾಪುರದ್ದೂ ಪೈಪರ್ ನೈಗ್ರಮ್. ಅಗ್ಗದ ಆಮದು ಮೆಣಸು ನಮ್ಮ ಹೆಸರಿನಲ್ಲಿ ಮಾರಾಟ ಆಗುತ್ತಿದೆ ಅಂತ ರೈತರು ಕೂಗೆಬ್ಬಿಸಿದ ಮೇಲೆ, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕೆಜಿಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ನಾನು ನೋಡಿದ ಆ ನೀಲಿ ಪಟ್ಟಿ ಊರಿನ ಹೆಸರು ಹೇಳುವುದಿಲ್ಲ. ಅದಕ್ಕೆ ತೋಟದಿಂದ ಚೀಲ, ಚೀಲದಿಂದ ಗೇಟ್ ತನಕ ಬರೆದಿಟ್ಟ ಲೆಕ್ಕ ಬೇಕು.

ಅಲ್ಲಿಂದಲೇ ದೊಡ್ಡಪ್ಪನಿಗೆ ಫೋನ್ ಮಾಡಿದೆ. ‘ಆರೂ ಚೀಲ ಅಪ್ಪಟ ಮೆಣಸು. ಒಂದರಲ್ಲಿ ಜೊಳ್ಳು ಜಾಸ್ತಿ ಇದ್ದು, ಅಷ್ಟೇ.’

‘ಅದು ಎಂಗೆ ಗೊತ್ತಿದ್ದು. ಕಾಗದದಲ್ಲಿ ಬರೆಸ್ಕಂಡು ಬಾ’ ಅಂದರು.

ಗೆಳೆಯ ಬರೆದುಕೊಟ್ಟ. ಇದು ಸ್ನೇಹಕ್ಕೆ ಮಾಡಿದ ತಪಾಸಣೆ, ಅಧಿಕೃತ ವರದಿ ಬೇಕಾದರೆ ಮಾನ್ಯತೆ ಪಡೆದ ಲ್ಯಾಬಿಗೆ ಸೀಲ್ ಮಾಡಿದ ಸ್ಯಾಂಪಲ್ ಕಳಿಸಬೇಕು ಅಂತ ಕೆಳಗೆ ಸೇರಿಸಿಯೇ ಬರೆದ. ಅವನ ಮೇಲೆ ಗೌರವ ಹೆಚ್ಚಾಯಿತು.

ದೊಡ್ಡಪ್ಪ ಆರನೇ ಚೀಲವನ್ನು ಮೊರದಲ್ಲಿ ಕೇರಿಸಿ ಗಟ್ಟಿ, ಜೊಳ್ಳು ಬೇರೆ ಮಾಡಿದರು. ವ್ಯಾಪಾರಿ ಮತ್ತೆ ಬಂದಾಗ ಕಾಗದ ತೋರಿಸಲೇ ಇಲ್ಲ. ಒಂದು ಲೋಟ ನೀರು, ಒಂದು ಬ್ಲೇಡು, ಅಂಗಳದ ಪಪ್ಪಾಯಿ ಹಣ್ಣಿನ ಒಣ ಬೀಜ ನಾಲ್ಕು, ಇಷ್ಟು ಮುಂದಿಟ್ಟರಂತೆ. ‘ನೀನೇ ಕೊಯ್ದು ನೋಡು’ ಅಂದರಂತೆ. ಗಟ್ಟಿ ಮೆಣಸು ದಿನದ ದರಕ್ಕೆ ಹೋಯಿತು. ಜೊಳ್ಳಿನ ಗಂಟಿನ ಮೇಲೆ ಅವರೇ ‘ಜೊಳ್ಳು’ ಅಂತ ಬರೆದಿಟ್ಟಿದ್ದಾರೆ, ಕಡಿಮೆ ದರಕ್ಕಾದರೂ ಅದೇ ಹೆಸರಿನಲ್ಲೇ ಮಾರುತ್ತಾರಂತೆ.

ಮೊದಲ ದಿನದ ಆ ಸ್ಟೀಲ್ ಡಬ್ಬಿ ಈಗ ನಮ್ಮ ಅಡುಗೆಮನೆಯಲ್ಲಿದೆ. ದೊಡ್ಡಪ್ಪ ಕೈಯಾರೆ ಆರಿಸಿದ ಅರ್ಧ ಕೆಜಿ. ಟೆಸ್ಟಿಗೆ ಬಾರದಿದ್ದರೂ ಸಾರಿಗೆ ಬಂತು. ಪೊಂಗಲ್‌ನಲ್ಲಿ ಮೆಣಸು ಸಿಕ್ಕಿದರೆ ಈಗ ಪಕ್ಕಕ್ಕೆ ಇಡುವುದಿಲ್ಲ, ಕಚ್ಚುತ್ತೇನೆ.